ಕನ್ನರ: ಒಂದು ಅಪೂರ್ವ ನಾಮದ ಮೂಲ

ಇಗತಪುರಿಯ ಬ್ಯಾಂಕಿನಲ್ಲಿ ನಾನು ಅಧಿಕಾರಿಯಾಗಿದ್ದಾಗ ವೃದ್ಧನೊಬ್ಬನು ಖಾತೆ ತೆರೆಯಲು ಬಂದನು. ಹೆಸರು ಕಾನ್ಹು. ನಮ್ಮ ಗುಮಾಸ್ತರು ಅದನ್ನು ‘ಕೃಷ್ಣ’ ಎಂದು ತಿದ್ದಹೊರಟರು, ವೃದ್ಧನು ಒಪ್ಪಲಿಲ್ಲ. ಕಾನ್ಹು ಎಂಬುದು ಕೆಟ್ಟ ಉಚ್ಚಾರವೆಂದು ಗುಮಾಸ್ತರ ಭಾವನೆ. ನಮ್ಮ ಶಾಸನಗಳ ‘ಕನ್ನರ’ನ ವಿಷಯದಲ್ಲಿಯೂ ಅನೇಕರ ಭಾವನೆ ಇಂಥದೇ. ಕೆಲವರಂತೂ ಈ ಹೆಸರನ್ನು ‘ಕನ್ನಡ’ಕ್ಕೆ ಗಂಟುಹಾಕುವುದುಂಟು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಸಂಸ್ಕೃತದ ಕೃಷ್ಣನು ಪ್ರಾಕೃತದಲ್ಲಿ ಕಣ್ಹನಾಗುತ್ತಾನೆ. ಇದಕ್ಕೆ ಸಾಕ್ಷಿ ಇಗತಪುರಿಗೆ ಸಮೀಪದಲ್ಲಿಯೇ ಇದೆ. ನಾಸಿಕದ ಪಾಂಡವಲೇಣಿಯ 19ನೆಯ ಗುಹೆಯನ್ನು ಸಾತವಾಹನ ಕುಲದ ಕಣ್ಹರಾಜನ ಕಾಲದಲ್ಲಿ, ಶ್ರಮಣರ ಮೇಲ್ವಿಚಾರಕನಾದ ಮಹಾಮಾತ್ರನು ಮಾಡಿಸಿದನೆಂದು ಅಲ್ಲಿಯ ಬ್ರಾಹ್ಮೀ ಶಾಸನ ಹೇಳುತ್ತದೆ. ಅದು ಕ್ರಿಸ್ತಪೂರ್ವದ ಮಾತು. ಕಣ್ಹನೇ ಕನ್ನಡದ ಬಾಯಲ್ಲಿ ಕನ್ನ, ಕನ್ನರ.

ರಾಷ್ಟ್ರಕೂಟರಲ್ಲಿ ಕೃಷ್ಣರು ಮೂವರು. ಎಲ್ಲೋರದ ಕೈಲಾಸವನ್ನು ಕಟ್ಟಿಸಿದ ಕೀರ್ತಿಯನ್ನು ಬಡೋದೆಯ ಸಂಸ್ಕೃತ ತಾಮ್ರಪಟವು ‘ಕೃಷ್ಣರಾಜ’ನಿಗೆ ಕೊಡುತ್ತದೆ. ಆದರೆ ಮಂಡ್ಯ ಸೀಮೆಯ ಆತಕೂರಿನ ಕನ್ನಡ ಶಾಸನವನ್ನು ನೋಡಿರಿ. ಶಕ 872ರ ಈ ಕಲ್ಲಿನಲ್ಲಿ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಎದುರಿಸಿದ ಮುಮ್ಮಡಿ ಕೃಷ್ಣನು ‘ಕನ್ನರದೇವ’ನೇ. ಸೋತ ತಮಿಳುನಾಡಿನ ಶಾಸನಗಳೂ ಅವನನ್ನು ಕನ್ನರದೇವನೆಂದೇ ಕರೆದಿವೆ. ಪಟದ ಹೆಸರು ಪಂಡಿತರದು, ಕಲ್ಲಿನ ಹೆಸರು ಜನರದು ಎಂದು ನಾನು ತಿಳಿಯುತ್ತೇನೆ. ನಾಲ್ವಡಿ ಗೋವಿಂದನು ಗೊಜ್ಜಿಗನಾದುದೂ, ಹೊಯ್ಸಳ ವಿಷ್ಣುವರ್ಧನನು ಬಿಟ್ಟಿಗನಾದುದೂ ಇದೇ ಬಗೆ. ಇವಾವುವೂ ಅಪಭ್ರಷ್ಟವೆಂಬ ತಾತ್ಸಾರಕ್ಕೆ ಯೋಗ್ಯವಲ್ಲ. ರಾಜರು ತಾವೇ ಹೊತ್ತ ಹೆಸರುಗಳು.

ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ಕೃಷ್ಣನೂ ಕನ್ನರನೆನಿಸಿಕೊಂಡನು. ಆಮೇಲೆ ನಮ್ಮಲ್ಲಿ ಈ ಹೆಸರು ಮಸುಳಿತು. ‘ಕನ್ನ’ ಎಂದೊಡನೆ ಗೋಡೆ ಕೊರೆಯುವ ಕಳ್ಳನೇ ನೆನಪಾಗುವುದೂ ಒಂದು ಕಾರಣವೇನೋ! ಬ್ಯಾಂಕಿನವನಾದ ನನಗಂತೂ ಹಾಗೆಯೇ. ಮರಾಠಿಯಲ್ಲಿಯಾದರೋ ಕಣ್ಹನ ವಂಶ ಕಾನ್ಹೋಬಾ, ಕಾನ್ಹೋಜಿ ಎಂದು ಬೆಳೆಯಿತು. 1729ರಲ್ಲಿ ತೀರಿಕೊಂಡ ನೌಕಾಪತಿ ಕಾನ್ಹೋಜಿ ಆಂಗ್ರೆಯ ಹೆಸರನ್ನು ಮುಂಬಯಿಯ ಕನ್ನಡಿಗರು ಕೇಳಿಯೇ ಇದ್ದಾರೆ. ನಮ್ಮ ಪರಿಚಿತ ಮನೆಗಳಲ್ಲಿ ಕೃಷ್ಣರು ಬೇಕಾದಷ್ಟು ಮಂದಿ. ಕನ್ನರನೊಬ್ಬನನ್ನೂ ನಾನು ಕಾಣೆ.

ಅಂದು ಗುಮಾಸ್ತರಿಗೆ ಪಾಂಡವಲೇಣಿಯ ಶಾಸನದ ಸಂಗತಿಯನ್ನು ಹೇಳಿದೆನು. ಖಾತೆಯನ್ನು ಕಾನ್ಹುವಿನ ಹೆಸರಿನಲ್ಲಿಯೇ ತೆರೆಯಲಾಯಿತು.