ಇಲಿಯ ಮರೆವು ನೀಗಿದರೆ ಮನುಷ್ಯನದೂ ನೀಗೀತೇ?

ಸ್ಮರಣಶಕ್ತಿ ವೃದ್ಧಿಸುವ ಔಷಧವೊಂದು ಇಲಿಗಳ ಮೇಲೆ ಯಶಸ್ವಿಯಾಗಿದೆ ಎಂಬ ಸುದ್ದಿ ಆಗಾಗ್ಗೆ ಪ್ರಕಟವಾಗುತ್ತಿರುತ್ತದೆ. ಮರೆವಿನ ರೋಗಕ್ಕೆ ತುತ್ತಾದ ಹಿರಿಯರಿರುವ ಮನೆಗಳಲ್ಲಿ ಇಂತಹ ಸುದ್ದಿ ಸಹಜವಾಗಿಯೇ ಆಸೆ ಚಿಗುರಿಸುತ್ತದೆ. ಆದರೆ ಈ 'ಯಶಸ್ಸಿ'ನ ಅರ್ಥ ಬಹಳ ಸೀಮಿತವಾದುದು.

ಇಂತಹ ಪ್ರಯೋಗಕ್ಕೆ ಮೊದಲು ಮರೆವುಳ್ಳ ಪ್ರಾಣಿ ಬೇಕು. ಅದಕ್ಕಾಗಿ ಆರೋಗ್ಯವಂತ ಇಲಿಗೆ ಸ್ಕೋಪೋಲಮೈನ್ ಚುಚ್ಚುವುದು ಬಹುಕಾಲದಿಂದ ಬಳಕೆಯಲ್ಲಿರುವ ವಿಧಾನ. ದತ್ತೂರ ಗಿಡದಲ್ಲಿಯೂ ಇರುವ ಈ ರಾಸಾಯನಿಕವು, ಮಿದುಳಿನಲ್ಲಿ ಕಲಿಕೆಗೆ ನೆರವಾಗುವ ಅಸಿಟೈಲ್‌ಕೋಲಿನ್ ಎಂಬ ಸಂದೇಶವಾಹಕದ ಕಾರ್ಯಕ್ಕೆ ತಡೆಯೊಡ್ಡುತ್ತದೆ. ಆರೋಗ್ಯವಂತ ಯುವಜನರಿಗೆ ಇದನ್ನು ನೀಡಿದಾಗ ವೃದ್ಧಾಪ್ಯದ ಮರೆವನ್ನು ಹೋಲುವ ಲಕ್ಷಣಗಳು ಕಾಣಿಸಿಕೊಂಡವೆಂದು 1974ರಲ್ಲಿ ಡ್ರಾಕ್‌ಮನ್ ಮತ್ತು ಲೆವಿಟ್ ಎಂಬ ಸಂಶೋಧಕರು ವರದಿ ಮಾಡಿದ್ದರು.

ನೆನಪನ್ನು ಅಳೆಯಲು ಹಲವು ಪರೀಕ್ಷೆಗಳಿವೆ. ಒಂದರಲ್ಲಿ, ಬೆಳಕಿನ ಕೋಣೆಯಿಂದ ಕತ್ತಲ ಕೋಣೆಗೆ ನುಗ್ಗುವ ಇಲಿಯ ಪಾದಕ್ಕೆ ಲಘು ವಿದ್ಯುತ್ ಆಘಾತ ನೀಡಲಾಗುತ್ತದೆ. ಮರುದಿನ ಅದು ಕತ್ತಲ ಕೋಣೆಗೆ ಹೋಗಲು ಹಿಂಜರಿದರೆ ನೆನಪು ಉಳಿದಿದೆ ಎಂದರ್ಥ. ಇನ್ನೊಂದು, ಬ್ರಿಟನ್ನಿನ ರಿಚರ್ಡ್ ಮಾರಿಸ್ 1981ರಲ್ಲಿ ಪ್ರಕಟಿಸಿದ ನೀರಿನ ತೊಟ್ಟಿಯ ಪರೀಕ್ಷೆ. ನೀರಿನ ಮಟ್ಟಕ್ಕಿಂತ ತುಸು ಕೆಳಗೆ ಅಡಗಿರುವ ಪೀಠದ ಸ್ಥಳವನ್ನು ಇಲಿಯು ಸುತ್ತಲಿನ ಗುರುತುಗಳ ನೆರವಿನಿಂದ ನೆನಪಿಟ್ಟುಕೊಳ್ಳಬೇಕು.

ಎಡವುವ ಸಾಧ್ಯತೆಯೂ ಇಲ್ಲಿಯೇ ಇದೆ. ಔಷಧದಿಂದ ಮಂಕಾದ ಇಲಿಯೂ ಕತ್ತಲ ಕೋಣೆಗೆ ತಡವಾಗಿಯೇ ಹೋಗುತ್ತದೆ. ಅದು ನೆನಪಿನ ಫಲವಲ್ಲ. ಆದ್ದರಿಂದ ಇಲಿಯ ಚಲನೆ, ದೃಷ್ಟಿ ಹಾಗೂ ನೋವಿನ ಸಂವೇದನೆಯನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು ಅಗತ್ಯ.

ಮೂಲ ತೊಡಕು ಇನ್ನೂ ಆಳವಾದುದು. ಸ್ಕೋಪೋಲಮೈನ್ ತರುವ ಮರೆವು ತಾತ್ಕಾಲಿಕ. ಕೆಲವೇ ಗಂಟೆಗಳಲ್ಲಿ ಅದರ ಪ್ರಭಾವ ಇಳಿಯುತ್ತದೆ. ಅಲ್‌ಝೈಮರ್ ಕಾಯಿಲೆಯಲ್ಲಾದರೋ ನರಕೋಶಗಳೇ ವರ್ಷಾನುಗಟ್ಟಲೆ ಸಾಯುತ್ತಾ ಹೋಗುತ್ತವೆ. ಅಮೆರಿಕದಲ್ಲಿ 1996ರಲ್ಲಿ ಅನುಮೋದನೆ ಪಡೆದ ಡೊನೆಪೆಝಿಲ್ ಅಸಿಟೈಲ್‌ಕೋಲಿನ್ ಪ್ರಮಾಣವನ್ನು ಹೆಚ್ಚಿಸುವುದರಿಂದ ಇಲಿಗಳ ಈ ಮರೆವನ್ನು ತಗ್ಗಿಸುತ್ತದೆ. ರೋಗಿಗಳಲ್ಲಿ ಅದು ಲಕ್ಷಣಗಳನ್ನು ತುಸು ಶಮನಗೊಳಿಸುತ್ತದೆಯೇ ಹೊರತು ರೋಗವನ್ನು ತಡೆಯುವುದಿಲ್ಲ. ಪ್ರಾಣಿಗಳಲ್ಲಿ ಭರವಸೆ ಮೂಡಿಸಿದ್ದ ಇಡಲೋಪಿರ್ಡಿನ್, ಸುಮಾರು 2,500 ರೋಗಿಗಳ ಮೇಲೆ ನಡೆದ ಮೂರು ದೊಡ್ಡ ಪ್ರಯೋಗಗಳಲ್ಲಿ ವಿಫಲವಾಯಿತು. ಅದರ ಫಲಿತಾಂಶಗಳು 2018ರಲ್ಲಿ ಪ್ರಕಟವಾದವು.

ಹಾಗೆಂದು ಪ್ರಾಣಿ ಪ್ರಯೋಗ ವ್ಯರ್ಥವಲ್ಲ. ಔಷಧ ಮಿದುಳನ್ನು ತಲುಪುವುದೇ, ಯಾವ ಪ್ರಮಾಣದಲ್ಲಿ ಕೆಲಸ ಮಾಡುವುದು, ಎಷ್ಟು ವಿಷಕಾರಿ ಎಂಬುದು ಅಲ್ಲಿಂದಲೇ ತಿಳಿಯಬೇಕು. ಆದರೆ ಅದು ಮೊದಲ ಮೆಟ್ಟಿಲು ಮಾತ್ರ. 'ಪ್ರಯೋಗದಿಂದ ದೃಢಪಟ್ಟಿದೆ' ಎಂಬ ಜಾಹೀರಾತು ಕಂಡಾಗ, ಆ ಪ್ರಯೋಗ ನಡೆದದ್ದು ಇಲಿಗಳ ಮೇಲೋ ರೋಗಿಗಳ ಮೇಲೋ ಎಂಬುದನ್ನು ಹಣ ತೆರುವ ಮುನ್ನ ವೈದ್ಯರಲ್ಲಿ ವಿಚಾರಿಸುವುದು ಒಳಿತು.