ಪ್ರಯೋಗಶಾಲೆಯ ಗುರುವಿನ ಆಯ್ಕೆ

ವಿದ್ಯೆಯು ಎರಡು ಬಗೆಯದು. ಕಿವಿಯಿಂದ ಕೇಳಿ ಮನಸ್ಸಿನಲ್ಲಿ ಧರಿಸತಕ್ಕದ್ದು ಒಂದು. ಕಣ್ಣು ಕೈಗಳ ಅಭ್ಯಾಸದಿಂದ ಮೈಗೂಡತಕ್ಕದ್ದು ಇನ್ನೊಂದು. ರಸಾಯನಶಾಸ್ತ್ರಕ್ಕೆ ಇವೆರಡೂ ಬೇಕು. ಆದರೆ ಮೊದಲನೆಯದನ್ನು ಕಲಿಸುವವರಿಗೆ ಸಲ್ಲುವ ಮನ್ನಣೆಯು ಎರಡನೆಯದನ್ನು ಕಲಿಸುವವರಿಗೆ ಸಲ್ಲುವುದು ವಿರಳ. ಅಮೆರಿಕದ ಸಂಯುಕ್ತ ಸಂಸ್ಥಾನದ ವಿಶ್ವವಿದ್ಯಾನಿಲಯಗಳು ಪ್ರಾರಂಭಿಕ ರಸಾಯನಶಾಸ್ತ್ರದ ಪ್ರಯೋಗ ತರಗತಿಗಳಿಗೆ ಅರೆಕಾಲಿಕ ಬೋಧಕರನ್ನು ನೇಮಿಸಿಕೊಳ್ಳುವ ಕ್ರಮವನ್ನು ಪರಿಶೀಲಿಸಿದರೆ ಈ ಮಾತು ವಿಶದವಾಗುತ್ತದೆ.

ಒಂದು ಕಾಲದಲ್ಲಿ ಗುರುವು ಪ್ರಯೋಗವನ್ನು ತಾನೇ ಮಾಡಿ ತೋರಿಸುತ್ತಿದ್ದನು. ಶಿಷ್ಯರು ದೂರದಲ್ಲಿ ಕುಳಿತು ನೋಡುತ್ತಿದ್ದರು. 1824ರಲ್ಲಿ ಜರ್ಮನಿಯ ಗೀಸೆನ್ ವಿಶ್ವವಿದ್ಯಾನಿಲಯಕ್ಕೆ ಇಪ್ಪತ್ತೊಂದರ ಹರೆಯದಲ್ಲಿ ಅಧ್ಯಾಪಕನಾಗಿ ಬಂದ ಯೂಸ್ಟಸ್ ಫಾನ್ ಲೀಬಿಗನು ಶಿಷ್ಯರ ಕೈಯಿಂದಲೇ ಪ್ರಯೋಗ ಮಾಡಿಸುವ ಪದ್ಧತಿಗೆ ಲೋಕಖ್ಯಾತಿಯನ್ನು ತಂದನು. ಅದೇ ವರ್ಷ ಅಮೆರಿಕದ ಟ್ರಾಯ್ ನಗರದಲ್ಲಿ ಸ್ಥಾಪಿತವಾದ ರೆನ್ಸೆಲೇರ್ ಶಾಲೆಯಲ್ಲಿ ಆಮೋಸ್ ಈಟನ್ ಎಂಬ ವಿದ್ವಾಂಸನೂ ಈ ಮಾರ್ಗವನ್ನೇ ಹಿಡಿದನು. ಇಂದು ಪ್ರಯೋಗವಿಲ್ಲದ ರಸಾಯನಶಾಸ್ತ್ರದ ವ್ಯಾಸಂಗವನ್ನು ಊಹಿಸುವುದೂ ಕಷ್ಟ.

ಆ ದೇಶದ ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ಈ ತರಗತಿಗಳನ್ನು ಬಹುಮಟ್ಟಿಗೆ ಸಂಶೋಧನ ವಿದ್ಯಾರ್ಥಿಗಳೇ ನಡೆಸುತ್ತಾರೆ. ಅಂತಹ ವಿದ್ಯಾರ್ಥಿಗಳಿಲ್ಲದ, ಅಥವಾ ಸಾಲದ, ಸಂಸ್ಥೆಗಳು ಅರೆಕಾಲಿಕ ಬೋಧಕರನ್ನು ಆಶ್ರಯಿಸುತ್ತವೆ. ಇವರ ನೇಮಕ ಸಾಮಾನ್ಯವಾಗಿ ಒಂದು ಅವಧಿಗೆ ಮಾತ್ರ. ಪ್ರವೇಶ ಪಡೆದ ವಿದ್ಯಾರ್ಥಿಗಳ ಸಂಖ್ಯೆ ತಿಳಿದ ಮೇಲೆ ತರಗತಿಗಳ ಸಂಖ್ಯೆಯು ನಿಶ್ಚಯವಾಗುವುದರಿಂದ, ಎಷ್ಟೋ ವೇಳೆ ಪಾಠ ಆರಂಭವಾಗಲು ಕೆಲವೇ ದಿನಗಳಿರುವಾಗ ಬೋಧಕರಿಗೆ ಕರೆ ಬರುತ್ತದೆ. ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನು ಅರ್ಹತೆಯಾಗಿ ಕೇಳುವುದು ವಾಡಿಕೆ. ಪದವಿಪತ್ರವನ್ನು ನೋಡಿ, ಬಿಡುವಿನ ವೇಳೆಯನ್ನು ವಿಚಾರಿಸಿ, ಆಯ್ಕೆ ಮುಗಿಯಿತೆಂದು ತಿಳಿಯುವ ಅಪಾಯವು ಇಲ್ಲಿಯೇ ಇದೆ.

ಆ ಬೋಧಕನ ಕೈಗೆ ಒಪ್ಪಿಸುವುದಾದರೂ ಏನನ್ನು? ಬ್ಯೂರೆಟ್ಟನ್ನು ಹಿಡಿದೇ ಅರಿಯದ ಇಪ್ಪತ್ತು ಇಪ್ಪತ್ತೈದು ಮಂದಿ ತರುಣ ತರುಣಿಯರನ್ನು. ಒಬ್ಬ ಬೋಧಕನ ಮೇಲ್ವಿಚಾರಣೆಯಲ್ಲಿ 25ಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಇರಬಾರದೆಂದು ಅಮೆರಿಕನ್ ಕೆಮಿಕಲ್ ಸೊಸೈಟಿಯು ತನ್ನ ಮಾರ್ಗದರ್ಶಿಯಲ್ಲಿ ಹೇಳಿದೆ. ಮೂರು ಗಂಟೆಗಳ ಕಾಲ ಆತನ ದೃಷ್ಟಿಯು ಕೊಠಡಿಯಲ್ಲೆಲ್ಲ ಸಂಚರಿಸುತ್ತಿರಬೇಕು. ಯಾರೋ ರಕ್ಷಣಾ ಕನ್ನಡಕವನ್ನು ಹಣೆಗೇರಿಸಿರುತ್ತಾರೆ. ಇನ್ಯಾರೋ ಗಂಧಕಾಮ್ಲಕ್ಕೆ ನೀರು ಸುರಿಯಲು ಹೊರಟಿರುತ್ತಾರೆ. ಆಮ್ಲವನ್ನು ನೀರಿಗೆ ಮೆಲ್ಲಮೆಲ್ಲನೆ ಸೇರಿಸಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ. ತಪ್ಪಿದರೆ ಉಂಟಾಗುವ ಉಷ್ಣದಿಂದ ದ್ರವವು ಕುದಿದು ಮುಖಕ್ಕೆ ಸಿಡಿಯುತ್ತದೆ. ಕಣ್ಣಿಗೆ ಆಮ್ಲ ತಾಗಿದರೆ ತತ್‌ಕ್ಷಣವೇ ಹದಿನೈದು ನಿಮಿಷ ನೀರಿನಿಂದ ತೊಳೆಯಬೇಕು. ನೀರಿನ ಆ ಸಾಧನವು ಎಲ್ಲಿದೆಯೆಂದು ಹುಡುಕುವ ಸಮಯ ಅದಲ್ಲ.

ಪದವಿಯೊಂದೇ ರಕ್ಷಿಸಲಾರದೆಂಬುದಕ್ಕೆ ನಿದರ್ಶನವುಂಟು. 2014ರಲ್ಲಿ ನ್ಯೂಯಾರ್ಕ್ ಮತ್ತು ಡೆನ್ವರ್ ನಗರಗಳ ಎರಡು ಪ್ರೌಢಶಾಲೆಗಳಲ್ಲಿ, ಶಿಕ್ಷಕರೇ ನಡೆಸಿದ ಜ್ವಾಲೆಯ ಪ್ರದರ್ಶನಗಳಲ್ಲಿ ಮಿಥನಾಲ್ ಹೊತ್ತಿಕೊಂಡು ವಿದ್ಯಾರ್ಥಿಗಳು ಸುಟ್ಟ ಗಾಯಗಳಿಗೆ ಗುರಿಯಾದರು. ಬೆಂಕಿಯ ಸಮೀಪದಲ್ಲಿ ದೊಡ್ಡ ಸೀಸೆಯಿಂದ ಮಿಥನಾಲನ್ನು ಸುರಿಯುವುದೇ ಇಂತಹ ಅನಾಹುತಗಳ ಮೂಲ. ಮಿಥನಾಲ್ ಉರಿಯುವುದೆಂದು ರಸಾಯನಶಾಸ್ತ್ರ ಓದಿದ ಯಾರು ಅರಿಯರು? ಅರಿವು ಇದ್ದರೆ ಸಾಲದು; ಅದು ಕೈಯ ಅಭ್ಯಾಸವಾಗಿ ಇಳಿದಿರಬೇಕು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಆದುದರಿಂದ ಆಯ್ಕೆ ಮಾಡುವವರು ಅಭ್ಯರ್ಥಿಯನ್ನು ಮಾತನಾಡಿಸಿದರೆ ಸಾಲದು, ಪ್ರಯೋಗಶಾಲೆಗೆ ಕರೆದೊಯ್ಯಬೇಕು. ಆಮ್ಲ ಕ್ಷಾರಗಳ ಅನುಮಾಪನವನ್ನು ಹೊಸಬನೊಬ್ಬನಿಗೆ ಹೇಳಿಕೊಡುವಂತೆ ಹತ್ತು ನಿಮಿಷ ಹೇಳಿಕೊಡಿಸಬೇಕು. ಸೂಚಕದ ನಸುಗೆಂಪು ಒಂದೇ ಹನಿಗೆ ಮೂಡುವ ಘಟ್ಟದಲ್ಲಿ ಆತನು ಶಿಷ್ಯನ ಕೈಯಿಂದ ಬ್ಯೂರೆಟ್ಟನ್ನು ಕಸಿದುಕೊಳ್ಳುವನೋ, ತಾಳ್ಮೆಯಿಂದ ಕಾಯುವನೋ? ವಿದ್ಯಾರ್ಥಿಯು ಬಾರದ ಅಂಕಿಯನ್ನು ಬಂದಂತೆ ಬರೆದು ತಂದರೆ ಏನು ಮಾಡುವನು? ಬಳಸಿ ಉಳಿದ ದ್ರಾವಣವನ್ನು ಎಲ್ಲಿಗೆ ಹಾಕಿಸುವನು? ಇವುಗಳ ಉತ್ತರವು ಯಾವ ಪದವಿಪತ್ರದಲ್ಲಿಯೂ ಇರುವುದಿಲ್ಲ. ಆಯ್ಕೆಯಾದವನಿಗೆ ಮೊದಲ ತರಗತಿಗೆ ಮುನ್ನವೇ ಆ ಶಾಲೆಯ ಅಗ್ನಿಶಾಮಕ, ಅನಿಲದ ಕೀಲಿ, ನೀರಿನ ಸಾಧನಗಳ ಪರಿಚಯ ಮಾಡಿಸಿ, ಪ್ರತಿ ಪ್ರಯೋಗವನ್ನೂ ಒಮ್ಮೆ ಸ್ವತಃ ಮಾಡಿ ನೋಡಲು ಅವಕಾಶ ಕೊಡುವುದು ಸಂಸ್ಥೆಯ ಧರ್ಮ.

ಕೊನೆಯದು ಸಂಭಾವನೆಯ ವಿಚಾರ. ಮೂರು ಗಂಟೆಗಳ ಪ್ರಯೋಗ ತರಗತಿಯನ್ನು ಅನೇಕ ಕಡೆ ಒಂದು ಗಂಟೆಯ ಉಪನ್ಯಾಸಕ್ಕೆ ಸಮನಾಗಿ ಎಣಿಸುವರು. ಸಿದ್ಧತೆಯ ವೇಳೆಯೂ ವರದಿಗಳನ್ನು ತಿದ್ದುವ ವೇಳೆಯೂ ಲೆಕ್ಕಕ್ಕೆ ಬಾರದೆ ಹೋಗುವುದುಂಟು. ಆರೋಗ್ಯ ವಿಮೆಯ ಶಾಸನಕ್ಕಾಗಿ ಅಮೆರಿಕದ ಸರ್ಕಾರವು 2014ರಲ್ಲಿ ಹೊರಡಿಸಿದ ನಿಯಮವು, ಅರೆಕಾಲಿಕ ಅಧ್ಯಾಪಕರ ಒಂದು ಗಂಟೆಯ ಬೋಧನೆಯನ್ನು ಎರಡೂಕಾಲು ಗಂಟೆಗಳ ದುಡಿಮೆಯೆಂದು ಎಣಿಸುವುದನ್ನು ಯುಕ್ತವೆಂದು ಒಪ್ಪಿತು. ಅಂದರೆ ತರಗತಿಯ ಹೊರಗಿನ ಶ್ರಮವೂ ಶ್ರಮವೇ ಎಂಬುದು ಮಾನ್ಯವಾಯಿತು. ವೇತನದಲ್ಲಿಯೂ ಈ ನ್ಯಾಯವು ಕಾಣಿಸಿಕೊಳ್ಳದಿದ್ದರೆ, ಒಳ್ಳೆಯ ಬೋಧಕನು ಒಂದೆರಡು ಅವಧಿಗಳಲ್ಲಿಯೇ ಬೇರೆ ಉದ್ಯೋಗವನ್ನು ಅರಸಿ ಹೋಗುವನು. ಸಂಸ್ಥೆಯು ಮರಳಿ ಹೊಸಬನನ್ನು ಹುಡುಕುವುದು.

ನೇಮಕವು ಅರೆಕಾಲಿಕವಾಗಿರಬಹುದು, ಹೊಣೆಯು ಅರೆಕಾಲಿಕವಲ್ಲ. ವಿದ್ಯಾರ್ಥಿಯು ಶಾಸ್ತ್ರವನ್ನು ಮೊಟ್ಟಮೊದಲು ತನ್ನ ಕೈಯಿಂದ ಮುಟ್ಟುವಾಗ ಪಕ್ಕದಲ್ಲಿ ನಿಲ್ಲುವವನು ಈ ಬೋಧಕನೇ. ಕಂಡದ್ದನ್ನು ಕಂಡಂತೆ ಬರೆಯುವ ಪ್ರಾಮಾಣಿಕತೆಯನ್ನೂ, ಜೊತೆಗಾರರ ಕಣ್ಣು ಕೈಗಳನ್ನು ಕಾಯುವ ಎಚ್ಚರವನ್ನೂ ಅವನಿಂದಲೇ ಕಲಿಯಬೇಕಾಗಿದೆ. ಇಂತಹವನನ್ನು ಆರಿಸುವ ಕಾರ್ಯವು ತೆರವಾದ ಸ್ಥಾನವೊಂದನ್ನು ತುಂಬುವ ಕಾರ್ಯವೆಂದು ಯಾರೂ ಭಾವಿಸಲಾಗದು.