ವೇದಿಕೆ ಬೇಡ, ಜಮಖಾನೆ ಸಾಕು: ಬ್ಲಾಗಿಗರ ಕೂಟ ಕಟ್ಟುವ ಬಗೆ

ಅಂತರ್ಜಾಲದಲ್ಲಿ ಕನ್ನಡ ಬರೆಯುವ ಕೆಲಸಕ್ಕೆ ಈಗ ಸುಮಾರು ಮೂರು ದಶಕ. 1996ರಲ್ಲಿ ಯು. ಬಿ. ಪವನಜ ಅವರ ‘ವಿಶ್ವ ಕನ್ನಡ’ ಬಂತು, 2005ರಲ್ಲಿ ಹರಿಪ್ರಸಾದ್ ನಾಡಿಗ್ ಅವರ ‘ಸಂಪದ’, 2020ರಲ್ಲಿ ಇ-ಪುಸ್ತಕ ಮತ್ತು ಕೇಳುಪುಸ್ತಕಗಳ ‘ಮೈಲ್ಯಾಂಗ್’. ಇಷ್ಟೆಲ್ಲ ಆದರೂ ಒಂದೇ ಊರಲ್ಲಿದ್ದು ಬರೆಯುವವರಿಗೆ ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಧಾರವಾಡದ ಮಾಳಮಡ್ಡಿಯಲ್ಲಿ ಕೂತು ಅಡುಗೆಯ ಬ್ಲಾಗ್ ಬರೆಯುವವರೊಬ್ಬರು, ಸಪ್ತಾಪುರದಲ್ಲಿ ಇ-ಪುಸ್ತಕ ಮಾಡುವವರೊಬ್ಬರು, ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಪಾಡ್‌ಕಾಸ್ಟ್ ನಡೆಸುವವರೊಬ್ಬರು ಇರಬಹುದು. ಮೂವರಿಗೂ ಒಂದೇ ಅಡಚಣೆ ಬಂದಿರುತ್ತದೆ. ಮೂವರೂ ಅದನ್ನು ಒಂಟಿಯಾಗಿ ಬಿಡಿಸಿಕೊಂಡಿರುತ್ತಾರೆ, ಇಲ್ಲವೇ ಬಿಟ್ಟಿರುತ್ತಾರೆ.

ಇಂಥವರನ್ನು ಒಂದೆಡೆ ಸೇರಿಸೋಣ ಎಂದು ಹೊರಟವರಿಗೆ ಮೊದಲು ಹೊಳೆಯುವುದು ಬ್ಯಾನರ್. ಆಮೇಲೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ಅತಿಥಿಗಳ ಪರಿಚಯ, ಸನ್ಮಾನ, ಅಧ್ಯಕ್ಷರ ಮಾತು, ವಂದನಾರ್ಪಣೆ. ಇಷ್ಟು ಮುಗಿಯುವಾಗ ಊಟದ ಹೊತ್ತು. ದೂರದಿಂದ ಬಂದವರು ಕೇಳಬೇಕೆಂದಿದ್ದ ಪ್ರಶ್ನೆ ಚೀಲದಲ್ಲೇ ಉಳಿಯುತ್ತದೆ. ಬರೆಯುವವರ ಕೂಟಕ್ಕೆ ಈ ಸಾಲಿನಲ್ಲಿ ಒಂದೂ ಬೇಕಿಲ್ಲ. ಬಂದವರು ತಮ್ಮ ತಮ್ಮಲ್ಲಿ ಮಾತಾಡಲು ಹೊತ್ತು ಬೇಕು, ಲ್ಯಾಪ್‌ಟಾಪ್ ತೆರೆದು ಕೆಲಸ ಮಾಡಲು ಜಾಗ ಬೇಕು.

ಧಾರವಾಡಕ್ಕೆ ಇದು ಹೊಸದಲ್ಲ. 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಕಟ್ಟಿಕೊಂಡ ‘ಗೆಳೆಯರ ಗುಂಪು’ ಕೂತು ಓದಿ, ಜಗಳಾಡಿ, ಪತ್ರಿಕೆ ನಡೆಸಿತು. ಜಿ. ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆಯ ಅಟ್ಟದಲ್ಲಿ ಲೇಖಕರೂ ಪ್ರಕಾಶಕರೂ ಒಂದೇ ಕಡೆ ಹರಟುತ್ತಿದ್ದರು. ಈಚಿನ ಮಾದರಿಯೂ ಉಂಟು. 2005ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಬಾರ್‌ಕ್ಯಾಂಪ್ ಮರುವರ್ಷವೇ ಬೆಂಗಳೂರಿಗೆ ಬಂತು. ಅಲ್ಲಿ ಮೊದಲೇ ಗೊತ್ತುಮಾಡಿದ ಭಾಷಣಕಾರರಿಲ್ಲ; ಬಂದವರೇ ಬೆಳಗ್ಗೆ ಗೋಡೆಗೆ ವಿಷಯದ ಚೀಟಿ ಅಂಟಿಸಿ ದಿನದ ಪಟ್ಟಿ ಮಾಡಿಕೊಳ್ಳುತ್ತಾರೆ. ನಮ್ಮ ಕೂಟಕ್ಕೆ ಅಟ್ಟದ ಸಲುಗೆ ಒಂದು ಪಾಲು, ಚೀಟಿಯ ಶಿಸ್ತು ಒಂದು ಪಾಲು ಸೇರಿದರೆ ಸಾಕು. ಧಾರವಾಡವನ್ನೇ ಎದುರಿಗಿಟ್ಟುಕೊಂಡು ಹೇಳುತ್ತೇನೆ. ಬೇರೆ ಊರಿನವರು ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು.

ಯಾರನ್ನು ಕರೆಯುವುದು

ಮೊದಲ ಕೂಟಕ್ಕೆ ಇಪ್ಪತ್ತೈದು–ಮೂವತ್ತು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಮೈಕ್ ಬೇಕಾಗುತ್ತದೆ. ಮೈಕ್ ಬಂದರೆ ಭಾಷಣ ತಾನಾಗಿ ಬರುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಪೋಸ್ಟರ್ ಹರಿಬಿಟ್ಟು ಕೂತರೆ ಬರುವವರು ಯಾರೆಂದು ತಿಳಿಯುವುದಿಲ್ಲ. ಹತ್ತು ಮಂದಿಗೆ ಬೇರೆ ಬೇರೆಯಾಗಿ ಬರೆಯಿರಿ, ಅವರ ಒಂದು ಬರಹವನ್ನು ನಿಜವಾಗಿ ಓದಿ ಅದರ ಬಗ್ಗೆ ಒಂದು ಸಾಲು ಸೇರಿಸಿ. ಪ್ರತಿಯೊಬ್ಬರೂ ಇನ್ನಿಬ್ಬರನ್ನು ಕರೆತರಲಿ ಎಂದು ಕೇಳಿಕೊಳ್ಳಿ. ಪಟ್ಟಿ ತಯಾರಾದ ಮೇಲೆ ಅದರಲ್ಲಿ ಯಾರಿಲ್ಲ ಎಂದು ನೋಡಿ. ಹೆಂಗಸರು ನಾಲ್ಕೇ ಜನವೇ? ಎಲ್ಲರೂ ಧಾರವಾಡ ಶಹರದವರೇ? ಕಲಘಟಗಿ, ನವಲಗುಂದ, ಕುಂದಗೋಳದಿಂದ ಬರೆಯುವವರು ಯಾರೂ ಇಲ್ಲವೇ?

ಬರೆಯುವವರಷ್ಟೇ ಸೇರಿದರೆ ಕೂಟ ಅರ್ಧ. ಡಿಟಿಪಿ ಮಾಡುವವರು, ಕರಡು ತಿದ್ದುವವರು, ಸಣ್ಣ ಪ್ರಕಾಶಕರು, ಹಕ್ಕುಸ್ವಾಮ್ಯ ಬಲ್ಲ ವಕೀಲರೊಬ್ಬರು ಇರಲಿ. ಸ್ಕ್ರೀನ್ ರೀಡರ್ ಬಳಸಿ ಓದುವ ದೃಷ್ಟಿವಿಕಲರೊಬ್ಬರು ಬಂದರೆ, ಪುಟವನ್ನು ಚಿತ್ರವಾಗಿ ಹಾಕಿದ ಬರಹವನ್ನು ಯಂತ್ರ ಓದಲಾರದು, ಯೂನಿಕೋಡ್ ಪಠ್ಯವನ್ನಾದರೆ ಓದುತ್ತದೆ ಎಂಬುದನ್ನು ಅಲ್ಲೇ ತೋರಿಸಬಲ್ಲರು. ಅದಕ್ಕೆ ಅವರಿಗೆ ಬೇಕಾದ ಎನ್‌ವಿಡಿಎ ತಂತ್ರಾಂಶ ಉಚಿತ.

ದಿನ, ಜಾಗ, ಖರ್ಚು

ಭಾನುವಾರ ಬೆಳಗ್ಗೆ ಹತ್ತರಿಂದ ನಾಲ್ಕು. ಪರೀಕ್ಷೆ, ಮದುವೆಯ ಮುಹೂರ್ತ, ಜೋರು ಮಳೆಯ ವಾರಗಳನ್ನು ಬಿಟ್ಟು ದಿನ ಹಿಡಿಯಿರಿ. ಒಂದು ತಿಂಗಳ ಮೊದಲು ತಿಳಿಸಿ, ಮೂರು ದಿನದ ಮೊದಲು ಇನ್ನೊಮ್ಮೆ ಫೋನ್ ಮಾಡಿ. ಹೆಸರು ಕೊಟ್ಟವರೆಲ್ಲ ಬರುವುದಿಲ್ಲ. ಊಟದ ಲೆಕ್ಕವನ್ನು ಈ ಎರಡನೇ ಫೋನಿನ ಮೇಲೆ ಹೇಳಿ.

ಕಾಲೇಜಿನ ಗ್ರಂಥಾಲಯದ ಕೋಣೆ, ಪುಸ್ತಕದಂಗಡಿಯ ಮಹಡಿ, ಸಂಘ-ಸಂಸ್ಥೆಯ ಸಣ್ಣ ಕೊಠಡಿ, ಹಳ್ಳಿಯಾದರೆ ಗ್ರಾಮ ಪಂಚಾಯಿತಿಯ ‘ಅರಿವು ಕೇಂದ್ರ’ ಕೇಳಿ ನೋಡಬಹುದು. ದೊಡ್ಡ ಸಭಾಂಗಣದಲ್ಲಿ ಮೂವತ್ತು ಜನ ಹಿಂದಿನ ಸಾಲುಗಳಲ್ಲಿ ಚದುರಿ ಕೂರುತ್ತಾರೆ. ಕುರ್ಚಿಗಳನ್ನು ಸುತ್ತಲೂ ಹಾಕಿ, ನಡುವೆ ನವಲಗುಂದದ ಜಮಖಾನೆ ಹಾಸಿದರೆ ಕೆಳಗೆ ಕೂರುವವರಿಗೂ ಜಾಗ ಸಿಗುತ್ತದೆ.

ಜಾಗ ಒಪ್ಪುವ ಮೊದಲು ಹೋಗಿ ನೋಡಿ. ಹೆಂಗಸರ ಶೌಚಾಲಯಕ್ಕೆ ಚಿಲಕ, ನೀರು ಇದೆಯೇ? ಮೆಟ್ಟಿಲು ಹತ್ತಲಾಗದವರು ಒಳಗೆ ಬರಬಹುದೇ? ಹುಬ್ಬಳ್ಳಿಯಿಂದ ‘ಚಿಗರಿ’ ಬಸ್ಸಿನಲ್ಲಿ ಬಂದವರು ನಿಲ್ದಾಣದಿಂದ ನಡೆದು ಬರಬಹುದೇ? ಗೋಡೆಯಲ್ಲಿ ಪ್ಲಗ್ ಎಷ್ಟು? ನಾಲ್ಕು ಎಕ್ಸ್‌ಟೆನ್ಷನ್ ಬೋರ್ಡ್ ಕೈಯಲ್ಲಿರಲಿ. ಜಾಗದ ವೈಫೈ ನಂಬಬೇಡಿ; ಎರಡು ಬೇರೆ ಕಂಪನಿಗಳ ಸಿಮ್ ಇರುವ ಎರಡು ಫೋನಿನ ಹಾಟ್‌ಸ್ಪಾಟ್ ಸಿದ್ಧವಿರಲಿ. ಕರೆಂಟ್ ಹೋದರೂ ನಡೆಯುವಂತೆ ಮುಖ್ಯ ಮಾಹಿತಿ ಮುದ್ರಿಸಿಟ್ಟುಕೊಳ್ಳಿ.

ಖರ್ಚು ಮೂರೇ ಬಾಬು: ಜಾಗ, ಊಟ-ಚಹಾ, ಕಾಗದ-ಮುದ್ರಣ. ಒಟ್ಟು ಮೊತ್ತವನ್ನು ಬರುವವರ ಸಂಖ್ಯೆಯಿಂದ ಭಾಗಿಸಿ ವಂತಿಗೆ ಗೊತ್ತುಮಾಡಿ, ವಿದ್ಯಾರ್ಥಿಗಳಿಗೆ ಬೇಡ ಎನ್ನಿ. ಖಾನಾವಳಿಯಿಂದ ರೊಟ್ಟಿ-ಪಲ್ಯದ ಊಟ, ಮೂರೂವರೆಗೆ ಗಿರಮಿಟ್ಟು–ಮಿರ್ಚಿ ತರಿಸಿದರೆ ಕೇಟರಿಂಗ್ ಗೊಡವೆಯಿಲ್ಲ. ಮುದ್ರಣಾಲಯದವರೋ ಪ್ರಕಾಶಕರೋ ಊಟದ ಖರ್ಚು ಹೊರುತ್ತೇವೆಂದರೆ ಸ್ವೀಕರಿಸಿ, ಆದರೆ ಬದಲಿಗೆ ಭಾಷಣದ ಅವಕಾಶ ಇಲ್ಲವೆಂದು ಮೊದಲೇ ಹೇಳಿ. ಲೆಕ್ಕವನ್ನು ಅದೇ ರಾತ್ರಿ ಗುಂಪಿನಲ್ಲಿ ಹಾಕಿಬಿಡಿ.

ದಿನ ನಡೆಯುವ ಬಗೆ

ಹತ್ತಕ್ಕೆ ಚಹಾ. ಬಾಗಿಲಲ್ಲೇ ಪ್ರತಿಯೊಬ್ಬರಿಗೂ ಒಂದು ರಟ್ಟಿನ ಚೀಟಿ. ಅದರಲ್ಲಿ ಮೂರು ಸಾಲು: ಹೆಸರು (ಅಡ್ಡಹೆಸರು, ಕಾವ್ಯನಾಮವೂ ಆಗಬಹುದು), ನಾನು ಕಲಿಸಬಲ್ಲದ್ದು, ನನಗೆ ಬೇಕಾದದ್ದು. ಹತ್ತೂವರೆಗೆ ಸುತ್ತಲೂ ಪರಿಚಯ, ಒಬ್ಬರಿಗೆ ಒಂದೇ ನಿಮಿಷ. ಹೊತ್ತು ನೋಡಿ ಗಂಟೆ ಬಾರಿಸುವ ಕೆಲಸವನ್ನು ಊರಿನ ಹಿರಿಯರ ಮುಲಾಜಿಲ್ಲದ ಎಳೆಯರೊಬ್ಬರಿಗೆ ಕೊಡಿ.

ಹನ್ನೊಂದೂಕಾಲಕ್ಕೆ ‘ಬೇಕಾದದ್ದು’ ಸಾಲುಗಳನ್ನು ಗೋಡೆಗೆ ಅಂಟಿಸಿ. ಒಂದೇ ತರದವನ್ನು ಒಟ್ಟುಗೂಡಿಸಿ, ಕೈ ಎತ್ತಿಸಿ ನಾಲ್ಕು ವಿಷಯ ಆರಿಸಿ. ಊಟದೊಳಗೆ ನಲವತ್ತು ನಿಮಿಷದ ಎರಡು ಸುತ್ತು. ಪ್ರತಿ ಸುತ್ತಿನಲ್ಲಿ ಕೋಣೆಯ ಎರಡು ಮೂಲೆಯಲ್ಲಿ ಎರಡು ಗುಂಪು. ತನಗೆ ಬೇಡವೆನಿಸಿದ ಗುಂಪಿನಿಂದ ಎದ್ದು ಇನ್ನೊಂದಕ್ಕೆ ಹೋಗುವುದು ಇಲ್ಲಿ ಅಗೌರವವಲ್ಲ ಎಂದು ಮೊದಲೇ ಹೇಳಿಬಿಡಿ.

ಊಟದ ಮೇಲೆ ಮಾತು ಕಡಿಮೆ, ಕೆಲಸ ಹೆಚ್ಚು. ಎರಡರಿಂದ ಮೂರೂವರೆವರೆಗೆ ಮೇಜುಗಳ ಸುತ್ತ ಇಬ್ಬಿಬ್ಬರು ಕೂತು ಒಬ್ಬರ ಅಡಚಣೆಯನ್ನು ಇನ್ನೊಬ್ಬರು ಬಿಡಿಸಲಿ. ಗಿರಮಿಟ್ಟಿನ ಜತೆಗೆ ಮುಂದಿನ ಕೂಟದ ಮಾತಾಡಿ, ನಾಲ್ಕಕ್ಕೆ ಏಳಿ.

ಏನು ಮಾತಾಡುವುದು

ಚೀಟಿಗಳಲ್ಲಿ ಏನು ಬರುತ್ತದೆ ಎಂದು ಮೊದಲೇ ಊಹಿಸಿಕೊಂಡರೆ ತಿಳಿದವರನ್ನು ಕರೆಯಬಹುದು. ಕನ್ನಡದವರ ಕೂಟದಲ್ಲಿ ನಾಲ್ಕು ವಿಷಯ ಬಂದೇ ಬರುತ್ತವೆ.

ಮೊದಲನೆಯದು ಹಳೆಯ ಕಡತ. ಎಷ್ಟೋ ಪುಸ್ತಕಗಳು ನುಡಿ, ಬರಹ, ಶ್ರೀಲಿಪಿಯ ಹಳೆಯ ಅಕ್ಷರ ವ್ಯವಸ್ಥೆಯಲ್ಲಿ ಪೇಜ್‌ಮೇಕರ್ ಕಡತಗಳಾಗಿ ಪ್ರಕಾಶಕರ ಕಂಪ್ಯೂಟರಿನಲ್ಲಿವೆ. ಅವನ್ನು ನೇರ ಇ-ಪುಸ್ತಕ ಮಾಡಲಾಗದು, ಯೂನಿಕೋಡ್‌ಗೆ ಪರಿವರ್ತಿಸಬೇಕು. ಪರಿವರ್ತಕ ತಂತ್ರಾಂಶ ಕ್ಷಣದಲ್ಲಿ ಕೆಲಸ ಮುಗಿಸಿದರೂ ಅರ್ಕಾವತ್ತು, ಒತ್ತಕ್ಷರಗಳಲ್ಲಿ ತಪ್ಪು ಉಳಿಯುವುದುಂಟು. ‘ಸಾಫ್ಟ್‌ವೇರ್’ ಎಂಬಂಥ ಪದದ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಹಾಕದೆ ಬರೆದರೆ ಹುಡುಕಾಟದಲ್ಲಿ ಒಂದು ಸಿಕ್ಕು ಇನ್ನೊಂದು ತಪ್ಪಿಹೋಗಬಹುದು. ಊಟದ ನಂತರದ ಮೇಜಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ: ಒಂದು ಅಧ್ಯಾಯ ಪರಿವರ್ತಿಸಿ, ಇಬ್ಬರು ಕೂತು ತಿದ್ದಿ, ನೋಟೋ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟ್ ಸೇರಿಸಿ ಇ-ಪಬ್ ಮಾಡಿ ಫೋನಿನಲ್ಲಿ ತೆರೆದು ನೋಡುವುದು.

ಎರಡನೆಯದು ಹಕ್ಕು. ಭಾರತದಲ್ಲಿ ಸಾಹಿತ್ಯ ಕೃತಿಯ ಹಕ್ಕುಸ್ವಾಮ್ಯ ಲೇಖಕರ ಜೀವಿತಕಾಲಕ್ಕೆ, ಆಮೇಲೆ ಅವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷಕ್ಕೆ. ಕೈಲಾಸಂ ತೀರಿಕೊಂಡದ್ದು 1946ರಲ್ಲಿ; ಅವರು ಬದುಕಿದ್ದಾಗ ಪ್ರಕಟವಾದ ನಾಟಕಗಳು ಈಗ ಎಲ್ಲರ ಸೊತ್ತು. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ; 2041ರ ಕೊನೆಯವರೆಗೆ ಅವರ ಕವನವನ್ನು ಇಡಿಯಾಗಿ ಬ್ಲಾಗಿಗೆ ಹಾಕಲು ಅನುಮತಿ ಬೇಕು. ಬದುಕಿರುವ ಲೇಖಕರಿಗೆ ಇನ್ನೊಂದು ಮಾತು. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಪ್ರಕಾಶಕರಿಗೆ ಹಕ್ಕು ವಹಿಸಿಕೊಡುವುದು ಬರಹದಲ್ಲೇ ಆಗಬೇಕು. ಅವಧಿ ಹೇಳಿರದಿದ್ದರೆ 5 ವರ್ಷ, ಪ್ರದೇಶ ಹೇಳಿರದಿದ್ದರೆ ಭಾರತ ಮಾತ್ರ ಎಂದು ಅರ್ಥ. 2012ರ ತಿದ್ದುಪಡಿ, ಕರಾರಿನ ಹೊತ್ತಿಗೆ ಬಳಕೆಯಲ್ಲೇ ಇರದಿದ್ದ ಮಾಧ್ಯಮಕ್ಕೆ, ಅದನ್ನು ಹೆಸರಿಸಿ ಬರೆದಿರದಿದ್ದರೆ, ಆ ಕರಾರು ಅನ್ವಯಿಸದು ಎನ್ನುತ್ತದೆ. ಹಳೆಯ ಕರಾರುಪತ್ರ ತನ್ನಿ ಎಂದು ಕರೆಯೋಲೆಯಲ್ಲೇ ಹೇಳಿದರೆ ಬಂದ ವಕೀಲರಿಗೆ ಬಿಡುವಿರುವುದಿಲ್ಲ.

ಮೂರನೆಯದು ನಿಯಮ. ಐಎಸ್‌ಬಿಎನ್ ಸಂಖ್ಯೆ ನಮ್ಮ ದೇಶದಲ್ಲಿ ಉಚಿತ. ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಕೊಡುತ್ತದೆ. ಮುದ್ರಿತ ಪುಸ್ತಕಕ್ಕೊಂದು, ಇ-ಪುಸ್ತಕಕ್ಕೊಂದು ಬೇರೆ ಸಂಖ್ಯೆ ಪಡೆಯುವುದು ವಾಡಿಕೆ. ಸುದ್ದಿತಾಣ ನಡೆಸುವವರಿಗೆ 2021ರ ಐಟಿ ನಿಯಮಗಳಂತೆ ದೂರು ಕೇಳುವ ಅಧಿಕಾರಿ ಇರಬೇಕು, ದೂರನ್ನು 15 ದಿನದೊಳಗೆ ತೀರಿಸಬೇಕು. ವೃತ್ತಿಯಾಗಿಯೋ ವ್ಯಾಪಾರವಾಗಿಯೋ ಅಲ್ಲದೆ ತನ್ನಷ್ಟಕ್ಕೆ ಬರೆಯುವ ವ್ಯಕ್ತಿಯನ್ನು ಆ ನಿಯಮಗಳಲ್ಲಿನ ಪ್ರಕಾಶಕರ ವ್ಯಾಖ್ಯೆ ಹೊರಗಿಡುತ್ತದೆ. ಹಣ ಅಥವಾ ಉಚಿತ ವಸ್ತು ಪಡೆದು ಹೋಟೆಲ್ಲನ್ನೋ ಪುಸ್ತಕವನ್ನೋ ಹೊಗಳಿ ಬರೆದರೆ ಅದು ಜಾಹೀರಾತೆಂದು ಓದುಗರಿಗೆ ಕಾಣುವಂತೆ ಹೇಳಬೇಕು.

ನಾಲ್ಕನೆಯದು ಉಳಿವು. ಬರೆದವರು ಪಾಸ್‌ವರ್ಡ್ ಮರೆತು, ಜಾಲತಾಣದ ವಾರ್ಷಿಕ ಬಾಡಿಗೆ ಕಟ್ಟದೆ ಎಷ್ಟೋ ಬ್ಲಾಗುಗಳು ಅಳಿಸಿಹೋಗಿವೆ. ಬ್ಲಾಗರ್, ವರ್ಡ್‌ಪ್ರೆಸ್ ಎರಡರಲ್ಲೂ ಬರಹಗಳನ್ನು ಒಂದೇ ಕಡತವಾಗಿ ಇಳಿಸಿಕೊಳ್ಳುವ ಸೌಲಭ್ಯವಿದೆ. ಹದಿನೈದು ನಿಮಿಷ ಹೊತ್ತು ಮಾಡಿಕೊಂಡು ಎಲ್ಲರೂ ತಮ್ಮ ಬ್ಲಾಗಿನ ಪ್ರತಿಯನ್ನು ಅಲ್ಲೇ ಇಳಿಸಿಕೊಂಡರೆ, ಆ ದಿನ ಬೇರೇನೂ ಆಗದಿದ್ದರೂ ಬಂದದ್ದು ಸಾರ್ಥಕ.

ಮುಜುಗರ ತಪ್ಪಿಸುವ ನಿಯಮಗಳು

ಬ್ಲಾಗಿಗರಲ್ಲಿ ಕೆಲವರು ಗುಪ್ತನಾಮದಲ್ಲಿ ಬರೆಯುತ್ತಾರೆ. ಸರ್ಕಾರಿ ನೌಕರರಿರಬಹುದು, ಮನೆಯವರಿಗೆ ಹೇಳದೆ ಬರೆಯುವ ಹೆಣ್ಣುಮಗಳಿರಬಹುದು. ಅವರ ನಿಜ ಹೆಸರು ಕೋಣೆಯ ಹೊರಗೆ ಹೋಗಬಾರದು. ಫೋಟೊ ಬೇಡವೆನ್ನುವವರ ಚೀಟಿಗೆ ಕೆಂಪು ದಾರ ಕಟ್ಟಿ. ಅವರು ಇರುವ ಚಿತ್ರವನ್ನು ಯಾರೂ ಹಾಕಕೂಡದು. ಫೋನ್ ನಂಬರನ್ನು ಕೇಳದೆ ಗುಂಪಿಗೆ ಸೇರಿಸಬೇಡಿ. ಬರಹವನ್ನು ಟೀಕಿಸಿ, ಬರೆದವರ ಜಾತಿ, ಪಕ್ಷ, ಊರಿನ ಮಾತು ಬೇಡ ಎಂಬುದನ್ನು ಗೋಡೆಗೆ ದೊಡ್ಡಕ್ಷರದಲ್ಲಿ ಅಂಟಿಸಿ. ಯಾರಿಗಾದರೂ ಕಿರಿಕಿರಿಯಾದರೆ ಹೇಳಿಕೊಳ್ಳಲು ಒಬ್ಬ ಹೆಂಗಸು, ಒಬ್ಬ ಗಂಡಸಿನ ಹೆಸರನ್ನು ಬೆಳಗ್ಗೆಯೇ ತಿಳಿಸಿ.

ಆಮೇಲೆ

ಕೂಟ ಕಳೆದ ಎರಡು ದಿನದೊಳಗೆ ಒಂದು ಪುಟದ ವರದಿ ಹೋಗಲಿ: ಏನು ಕಲಿತೆವು, ಯಾರು ಯಾವ ಕೆಲಸ ಒಪ್ಪಿಕೊಂಡರು, ಮುಂದಿನ ಕೂಟ ಎಂದು, ಎಲ್ಲಿ. ಒಪ್ಪಿಕೊಳ್ಳುವ ಕೆಲಸ ಸಣ್ಣದಿರಲಿ. ಇಬ್ಬರು ಒಬ್ಬರ ಕರಡನ್ನು ಇನ್ನೊಬ್ಬರು ಓದುವ ಜೋಡಿಯಾಗಬಹುದು. ನಾಲ್ವರು ಸೇರಿ ಹಕ್ಕುಸ್ವಾಮ್ಯ ಮುಗಿದ ಒಂದು ಪುಸ್ತಕವನ್ನು ಕನ್ನಡ ವಿಕಿಸೋರ್ಸ್‌ಗೆ ಏರಿಸಬಹುದು. ಒಬ್ಬ ಪ್ರಕಾಶಕರು ತಮ್ಮ ಹಳೆಯ ಒಂದು ಪುಸ್ತಕವನ್ನು ಪರಿವರ್ತನೆಗೆ ಕೊಡಬಹುದು.

ಎರಡನೇ ಕೂಟವನ್ನು ಮೊದಲಿನವರು ನಡೆಸಬಾರದು. ಹುಬ್ಬಳ್ಳಿಯವರೋ ಗದಗದವರೋ ಹೊಣೆ ಹೊತ್ತರೆ ಕೂಟ ಒಬ್ಬರ ಉತ್ಸಾಹಕ್ಕೆ ಜೋತುಬೀಳುವುದಿಲ್ಲ. ಸಂಘ ನೋಂದಣಿ, ಪದಾಧಿಕಾರಿ, ಲೆಟರ್‌ಹೆಡ್ಡಿನ ಮಾತು ಬಂದರೆ ಒಂದು ವರ್ಷ ಮುಂದೂಡಿ. ಅಧ್ಯಕ್ಷಗಿರಿ ಹುಟ್ಟಿದ ಕಡೆ ವೇದಿಕೆ ಹಿಂಬಾಗಿಲಿನಿಂದ ಬರುತ್ತದೆ.

ಕೂಟ ಫಲಿಸಿತೇ ಎಂದು ತಿಳಿಯಲು ಮೂರು ತಿಂಗಳ ಬಳಿಕ ಬಂದವರಿಗೆಲ್ಲ ಮೂರು ಪ್ರಶ್ನೆ ಕಳಿಸಿ: ಅಲ್ಲಿ ಪರಿಚಯವಾದ ಯಾರಿಗಾದರೂ ಆಮೇಲೆ ಫೋನ್ ಮಾಡಿದ್ದೀರಾ? ಅಲ್ಲಿ ಶುರುವಾದ ಯಾವುದಾದರೂ ಕೆಲಸ ಮುಗಿಯಿತೇ? ಮುಂದಿನ ಸಲ ಜಾಗ ಹುಡುಕುವ ಹೊಣೆ ನೀವು ಹೊರುತ್ತೀರಾ? ಮೂರನೆಯದಕ್ಕೆ ಒಬ್ಬರೇ ಹೂಂ ಎಂದರೂ ಸಾಕು, ದಿನ ಗೊತ್ತುಮಾಡಿ.